ಇಳಿಜಾರು ಸೈಟಿನ ತಗ್ಗಿಗೆ ಮಣ್ಣು ತುಂಬಿಸಿದರೆ ಮನೆ ಎತ್ತರದ ಮಿತಿಯೊಳಗೆ ಬರುತ್ತದೆಯೇ? (ಕಿರ್ಕ್‌ಲ್ಯಾಂಡ್, ವಾಷಿಂಗ್ಟನ್ ರಾಜ್ಯ)

ಬರುವುದಿಲ್ಲ. ಇಳಿಜಾರಿನಲ್ಲಿ ಕಟ್ಟಲು ಹೊರಟಾಗ ನನಗೂ ಮೊದಲು ಹೊಳೆದದ್ದು ಇದೇ ಉಪಾಯ. ಆದರೆ ಕಿರ್ಕ್‌ಲ್ಯಾಂಡಿನ ಝೋನಿಂಗ್ ನಿಯಮ (ಎಲ್ಲಿ ಏನು, ಎಷ್ಟು ಎತ್ತರ ಕಟ್ಟಬಹುದು ಎನ್ನುವ ನಗರದ ನಿಯಮ) ಎತ್ತರ ಅಳೆಯುವುದು ಕೆಲಸಕ್ಕೆ ಕೈಹಾಕುವ ಮೊದಲು ಇದ್ದ ನೆಲದ ಸರಾಸರಿ ಮಟ್ಟದಿಂದ. ನೀವು ಸುರಿಯುವ ಮಣ್ಣು ಲೆಕ್ಕಕ್ಕೇ ಇಲ್ಲ.

ಎಡವುವುದು ಇಲ್ಲೇ. ಒಂದೇ ನಕ್ಷೆಗೆ ನೆಲಮಟ್ಟದ ಲೆಕ್ಕ ಎರಡಿವೆ. ಬಿಲ್ಡಿಂಗ್ ಕೋಡ್ (ಕಟ್ಟಡ ಹೇಗೆ ಕಟ್ಟಬೇಕೆನ್ನುವ ನಿಯಮ; ಒಂಟಿ ಮನೆಗೆ ಐಆರ್‌ಸಿ) ಹಿಡಿಯುವುದು ಕೆಲಸ ಮುಗಿದ ಮೇಲಿನ ನೆಲವನ್ನು. ನೆಲ ಗೋಡೆಯಿಂದ ಆಚೆಗೆ ಇಳಿದಿದ್ದರೆ 6 ಅಡಿಯೊಳಗಿನ (ಗಡಿ ಅದಕ್ಕೂ ಹತ್ತಿರವಿದ್ದರೆ ಗಡಿಯೊಳಗಿನ) ತೀರ ತಗ್ಗಿನ ಬಿಂದುವನ್ನು. ಝೋನಿಂಗ್ ಹಿಡಿಯುವುದು ಹಳೇ ನೆಲವನ್ನು. ಡಿಸೈನರ್ ಮೊದಲನೆಯ ಅಂಕಿಯನ್ನೇ ಎತ್ತಿ ಝೋನಿಂಗ್ ಹಾಳೆಗೆ ಬರೆದರೆ ಕಾಗದದಲ್ಲಿ ಎಲ್ಲ ಸರಿ ಕಾಣುತ್ತದೆ, ಸೂರಿನ ವಿನ್ಯಾಸ ಮುಗಿದ ಮೇಲೆ ನಕ್ಷೆ ವಾಪಸ್ ಬರುತ್ತದೆ.

ಲೆಕ್ಕ ಹೀಗೆ. ಮನೆಯನ್ನು ಸುತ್ತುವರಿಯುವ ಅತಿ ಚಿಕ್ಕ ಆಯತ ಎಳೆದು, ಪ್ರತಿ ಬದಿಯ ನಡುಬಿಂದುವಿನ ಮಟ್ಟವನ್ನು ಆ ಬದಿಯ ಉದ್ದದಿಂದ ಗುಣಿಸಿ, ಕೂಡಿಸಿ, ಒಟ್ಟು ಸುತ್ತಳತೆಯಿಂದ ಭಾಗಿಸಿ. 60×30 ಅಡಿ ಮನೆ; ಉದ್ದದ ಬದಿಗಳು 108 ಮತ್ತು 98, ಗಿಡ್ಡವು 103 ಮತ್ತು 107 ಅಡಿ ಮಟ್ಟದಲ್ಲಿವೆ ಎನ್ನೋಣ. 18,660 ಭಾಗಿಸು 180, ಅಂದರೆ 103 ಅಡಿ 8 ಇಂಚು. ಮಿತಿ 30 ಅಡಿಯಾದರೆ ಸೂರಿನ ಅತಿ ಎತ್ತರದ ತುದಿ 133 ಅಡಿ 8 ಇಂಚು ದಾಟಬಾರದು. ಉದ್ದ ಬಿಟ್ಟು ನಾಲ್ಕು ಮಟ್ಟಗಳ ಸಾದಾ ಸರಾಸರಿ ತೆಗೆದರೆ 104 ಬರುತ್ತದೆ. ಆ 4 ಇಂಚು ನಿಮಗೆ ಸಿಗುವುದಿಲ್ಲ. 98 ಅಡಿಯ ತಗ್ಗು ಬದಿಗೆ 4 ಅಡಿ ಮಣ್ಣು ಹಾಕಿದರೆ ಸರಾಸರಿ 16 ಇಂಚು ಏರೀತು ಅನ್ನಿಸುತ್ತದೆ, ನಿಜ. ಆಸೆ ಹುಟ್ಟುವುದೇ ಅದರಿಂದ.

ಆಯತದ ಬದಲು ಪ್ರತಿ ಹೊರಗೋಡೆಯ ನಡುಬಿಂದು ಹಿಡಿಯುವ ದಾರಿಯೂ ಇದೆ. ಮನೆ ಆಯತಾಕಾರವಲ್ಲದಿದ್ದರೆ ಎರಡನ್ನೂ ಲೆಕ್ಕ ಹಾಕಿ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಿ.

ನನ್ನ ಮಾತು ಕೇಳಿದರೆ ತುಂಬಿಸಬೇಡಿ, ಅಗೆಯಿರಿ. ಮೇಲಿನ ಬದಿಯಲ್ಲಿ ನೆಲಮಹಡಿಯನ್ನು 2 ಅಡಿ ಇಳಿಸಿದರೆ ಸರಾಸರಿ ಇಳಿಯದು, ಒಳಗೆ 2 ಅಡಿ ಸಿಗುತ್ತದೆ. ತಡೆಗೋಡೆ, ಅದರ ಹಿಂದಿನ ಡ್ರೈನ್ ಪೈಪು, ಜಲ್ಲಿಯ ಖರ್ಚು ಬೀಳುತ್ತದೆ, ಬೀಳಲಿ. ಇದನ್ನೇ ಲಾಸ್ ಏಂಜಲೀಸಿನಲ್ಲಿರುವ ನೆಂಟರಿಗೆ ಹೇಳಿಬಿಡಬೇಡಿ: ಅಲ್ಲಿ ಗೋಡೆಯಿಂದ 5 ಅಡಿಯೊಳಗಿನ ಅತಿ ತಗ್ಗಿನ ಬಿಂದುವೇ ಗ್ರೇಡ್ (ಎತ್ತರ ಅಳೆಯುವ ನೆಲಮಟ್ಟ), ಅಗೆದರೆ ಎತ್ತರ ಹೆಚ್ಚುತ್ತದೆ.

ಪೊದೆ ಕೀಳುವ ಮೊದಲೇ ಲೈಸೆನ್ಸ್ ಇರುವ ಸರ್ವೇಯರ್‌ನಿಂದ 2 ಅಡಿ ಅಂತರದ ಕಾಂಟೂರ್ (ಸಮಮಟ್ಟದ ಗೆರೆಗಳ) ನಕ್ಷೆ ಮಾಡಿಸಿ. ಬೆಂಚ್‌ಮಾರ್ಕ್ ಗುರುತು (ಮಟ್ಟ ಅಳೆಯಲು ಆಧಾರವಾಗುವ ಸ್ಥಿರ ಬಿಂದು) ಜೆಸಿಬಿ ಓಡಾಡುವ ಜಾಗದಲ್ಲಿ ಬೇಡ. ಸೂರಿನ ತುದಿಗೆ ಹಲಗೆ, ಹೊದಿಕೆ ಎಲ್ಲ ಸೇರಿಸಿ, ಮಿತಿಗಿಂತ 6 ಇಂಚು ಕೆಳಗೇ ನಿಲ್ಲಿಸಿ. ಚೌಕಟ್ಟು ನಿಂತ ಕೂಡಲೇ, ಸೂರು ಹೊದಿಸುವ ಮೊದಲು, ಮತ್ತೊಮ್ಮೆ ಅಳೆಸಿ.