ಜರ್ಮನಿಗೆ ಓದಲು ಬಂದು ಎರಡು ವಾರ ಆಯ್ತು, ಊರಿಗೆ ವಾಪಸ್ ಹೋಗಿಬಿಡಲಾ?

ರೂಮ್ ಸಿಕ್ಕಿಲ್ಲ, ಗೊತ್ತಿರುವವರ ಮನೆಯ ಸೋಫಾ ಮೇಲೆ ಮಲಗುತ್ತಿದ್ದೀರಿ, ರಾತ್ರಿ ಅಳು ಬರುತ್ತದೆ, ‘ನನ್ನ ಮನಸ್ಸೇ ಗಟ್ಟಿ ಇಲ್ಲವೇನೋ’ ಎಂದು ಬರೆದಿದ್ದೀರಿ. ಕೊನೆಯಲ್ಲಿ ಸುಮ್ನೆ ಎಂಬಂತೆ ಇನ್ನೊಂದು ಸಾಲು ಸೇರಿಸಿದ್ದೀರಿ: ‘ಒಬ್ಬರು ಕಮ್ಮಿ ಬಾಡಿಗೆಗೆ ರೂಮ್ ಕೊಡ್ತಾರಂತೆ, ಆದರೆ ವಿಳಾಸ ನೋಂದಣಿ ಮಾಡಿಸೋಕೆ ಆಗಲ್ವಂತೆ, ಸದ್ಯಕ್ಕೆ ಹೋಗಿಬಿಡಲಾ ಅಂತ ಯೋಚನೆ.’ ಅದನ್ನು ಓದಿ ನನ್ನ ಎದೆ ಧಸಕ್ ಅಂದಿತು. ದಯವಿಟ್ಟು ಆ ರೂಮಿಗೆ ಹೋಗಬೇಡಿ.

ನಾನು 2018ರ ಸೆಪ್ಟೆಂಬರ್ ಕೊನೆಗೆ ಆಖೆನ್‌ಗೆ ಬಂದೆ. ಇಳಿದದ್ದು ಶನಿವಾರ ರಾತ್ರಿ. ಮಾರನೇ ದಿನ ಭಾನುವಾರ, ಅಂಗಡಿಗಳೆಲ್ಲ ಬಂದ್. ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿ ತೆರೆಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿಗೆ ಚಟ್ನಿಪುಡಿ ಕಲಸಿಕೊಂಡು ದಿನ ಕಳೆದೆ. ಎರಡು ದಿನ ಓಡಾಡಿ ಸುಧಾರಿಸಿಕೊಳ್ಳುವಷ್ಟರಲ್ಲಿ ಅಕ್ಟೋಬರ್ 3 ಬಂತು. ಎರಡು ಜರ್ಮನಿಗಳು ಒಂದಾದ ದಿನ, ಮತ್ತೆ ಎಲ್ಲಾ ಬಂದ್. ವಿದ್ಯಾರ್ಥಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೆ, ಪಟ್ಟಿ ಉದ್ದ ಇತ್ತು. ಆಗ ಒಬ್ಬ ಹುಡುಗ ತನ್ನ ಫ್ಲ್ಯಾಟಿನ ಒಂದು ಕೋಣೆ ಕೊಡುತ್ತೇನೆ ಎಂದ. ಬಾಡಿಗೆ ಕಮ್ಮಿ, ಅಡ್ವಾನ್ಸ್ ಕೈಗೇ ಕೊಡಬೇಕು. ‘ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಮಾತ್ರ ಆಗಲ್ಲ’ ಎಂದ. ನಾನು ಪರವಾಗಿಲ್ಲ ಎಂದೆ.

ಯಾಕೆ ಹಾಗೆಂದೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೆ. ಅಲ್ಲಿ ಆಧಾರ್ ಜೆರಾಕ್ಸ್ ಕೊಟ್ಟರೆ ಮುಗಿಯಿತು, ಬ್ಯಾಂಕು, ಕಾಲೇಜು ಎಲ್ಲದಕ್ಕೂ ಊರಿನ ವಿಳಾಸವೇ ನಡೆಯುತ್ತಿತ್ತು. ಇದೂ ಅಂಥದ್ದೇ ಇರಬೇಕು, ನಿಧಾನಕ್ಕೆ ಮಾಡಿಸಿದರಾಯಿತು ಎಂದುಕೊಂಡೆ. ಇಲ್ಲಿ ಹಾಗಲ್ಲ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ನಿಮ್ಮ ವಿಳಾಸ ಬರೆಸಬೇಕು, ಅದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರು ‘ಇವರು ಇಂಥ ತಾರೀಖಿನಿಂದ ಇಲ್ಲಿದ್ದಾರೆ’ ಎಂದು ಸಹಿ ಹಾಕಿದ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೆಸರು ಬಾಯಿಗೆ ಬರದಿದ್ದರೂ ಬರೆದಿಟ್ಟುಕೊಳ್ಳಿ. 2015ರ ನವೆಂಬರಿನಿಂದ ಇದು ಕಡ್ಡಾಯ. ನನಗೆ ಕೋಣೆ ಕೊಟ್ಟವನು ಮಾಲೀಕರಿಗೆ ತಿಳಿಸದೆ ಒಳಬಾಡಿಗೆಗೆ ಕೊಟ್ಟಿದ್ದ. ಸಹಿ ಹಾಕಿದರೆ ವಿಷಯ ಹೊರಬರುತ್ತದೆ ಎಂದು ಅವನಿಗೆ ಭಯ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ನಾನು ಹೋದ ಬ್ಯಾಂಕು ನೋಂದಣಿ ಪತ್ರ ಇಲ್ಲದೆ ಖಾತೆ ತೆರೆಯಲಿಲ್ಲ. ಇಲ್ಲಿನ ಖಾತೆ ಇಲ್ಲದೆ ಸ್ಪೆರ್‌ಕೊಂಟೊದ ಹಣ ಬಿಡುಗಡೆ ಆಗಲಿಲ್ಲ. ಸ್ಪೆರ್‌ಕೊಂಟೊ ಅಂದರೆ ಮೊದಲೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. ಆಗ ವೀಸಾಗೆ 8,640 ಯೂರೊ ಅದರಲ್ಲಿಡಬೇಕಿತ್ತು, ತಿಂಗಳಿಗೆ 720 ಕೈಗೆ ಬರುತ್ತಿತ್ತು. (2024ರ ಸೆಪ್ಟೆಂಬರಿನಿಂದ ಅದು 11,904, ತಿಂಗಳಿಗೆ 992.) ಅಪ್ಪ ತೋಟದ ಮೇಲೆ ಸಾಲ ತೆಗೆದು ಹಾಕಿದ ದುಡ್ಡು. ಅದು ನನ್ನ ಹೆಸರಿನಲ್ಲೇ ಇತ್ತು, ಆದರೆ ಒಂದು ಯೂರೊ ಮುಟ್ಟುವ ಹಾಗಿರಲಿಲ್ಲ. ನನ್ನ ವೀಸಾ ಮೂರು ತಿಂಗಳದ್ದು. ಅಷ್ಟರೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಅದಕ್ಕೂ ವಿಳಾಸ ಬೇಕು. ದಸರಾ ಹೊತ್ತಿಗೆ ಕೈಯಲ್ಲಿದ್ದ ನಗದು ಖಾಲಿಯಾಗುತ್ತಾ ಬಂತು. ಮನೆಗೆ ಫೋನ್ ಮಾಡಿದಾಗ ಊಟ ಆಯ್ತು, ಕ್ಲಾಸ್ ಚೆನ್ನಾಗಿದೆ ಎನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ಅಳು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು, ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗತೊಡಗಿದ. ನಾನು ಈ ದೇಶಕ್ಕೆ ಆಗುವವನಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಕೊನೆಗೆ ಲ್ಯಾಬಿನಲ್ಲಿ ಸಿಕ್ಕಿದ ದಾವಣಗೆರೆ ಕಡೆಯ ಸೀನಿಯರ್ ಒಬ್ಬರು ನನ್ನ ಮುಖ ನೋಡಿಯೇ ಕೇಳಿದರು. ಎಲ್ಲಾ ಹೇಳಿಕೊಂಡೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ, ‘ಮೊದಲು ಆ ಮನೆ ಬಿಡು’ ಎಂದರು. ಹಾಸ್ಟೆಲ್ ಕಚೇರಿಗೆ ಜೊತೆಗೇ ಬಂದರು. ನಡುವೆ ಬಿಟ್ಟು ಹೋದವರೊಬ್ಬರ ಕೋಣೆ ನವೆಂಬರಿನಲ್ಲಿ ಸಿಕ್ಕಿತು. ಕೊಟ್ಟ ಅಡ್ವಾನ್ಸ್ ವಾಪಸ್ ಬರಲೇ ಇಲ್ಲ. ಬರವಣಿಗೆಯಲ್ಲಿ ಏನೂ ಇರಲಿಲ್ಲವಲ್ಲ, ಕೇಳಲು ನನ್ನ ಹತ್ತಿರ ಆಧಾರವೇ ಇರಲಿಲ್ಲ. ಆದರೆ ಆ ಸಹಿಯ ಕಾಗದ ಕೈಗೆ ಬಂದ ಮೇಲೆ ನೋಂದಣಿ, ಖಾತೆ, ಹಣ, ಪರ್ಮಿಟ್ ಎಲ್ಲಾ ಒಂದರ ಹಿಂದೆ ಒಂದು ಆದವು. ಅಳುವೂ ಕಮ್ಮಿಯಾಯಿತು. ಊರಿನ ನೆನಪು ಹೋಗಲಿಲ್ಲ, ಅದು ಈಗಲೂ ಇದೆ. ಆದರೆ ರಾತ್ರಿ ನಿದ್ದೆ ಬರತೊಡಗಿತು.

ಹಾಗಾಗಿ ‘ಮನಸ್ಸು ಗಟ್ಟಿ ಇಲ್ಲವಾ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ವಂತ ವಿಳಾಸ ಇಲ್ಲದೆ, ದುಡ್ಡಿದ್ದೂ ತೆಗೆಯಲಾಗದೆ, ಇನ್ನೊಬ್ಬರ ಸೋಫಾ ಮೇಲೆ ಮಲಗುವ ಯಾರಿಗಾದರೂ ಅಳು ಬರುತ್ತದೆ ಅಲ್ವಾ? ಯೋಗ ಮಾಡಿ, ಗೆಳೆಯರನ್ನು ಮಾಡಿಕೊಳ್ಳಿ ಎಂದು ಬೇರೆಯವರು ಬರೆಯಬಹುದು. ಅದೆಲ್ಲ ಆಮೇಲೆ.

ಸೋಮವಾರ ಬೆಳಿಗ್ಗೆಯೇ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಖುದ್ದಾಗಿ ಹೋಗಿ. ಇಮೇಲ್ ಬೇಡ, ಸೆಮಿಸ್ಟರ್ ಶುರುವಿನಲ್ಲಿ ಅವರಿಗೆ ರಾಶಿ ಇಮೇಲ್ ಬರುತ್ತದೆ. ವಿದ್ಯಾರ್ಥಿ ಸಂಘದಲ್ಲೂ ಕೇಳಿ, ಕೆಲವು ಕಡೆ ಅವರು ಹೊಸಬರಿಗೆ ತಾತ್ಕಾಲಿಕ ಜಾಗ ಹುಡುಕಿಕೊಡುತ್ತಾರೆ. ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದವರು ತಮ್ಮ ಕೋಣೆಯನ್ನು ಕೆಲವು ತಿಂಗಳಿಗೆ ಕೊಡುತ್ತಾರೆ, ಅದನ್ನು ತ್ಸ್ವಿಷೆನ್‌ಮೀಟೆ ಎನ್ನುತ್ತಾರೆ. ಮಾಲೀಕರ ಒಪ್ಪಿಗೆ ಇದ್ದು, ನೋಂದಣಿಯ ಕಾಗದ ಕೊಡುವುದಾದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ವಿದ್ಯಾರ್ಥಿಗಳಿಗೆ ಸಿಗುವ ನಿಮ್ಮ ಪ್ರಯಾಣದ ಟಿಕೆಟ್ಟಿನಲ್ಲಿ ಲೋಕಲ್ ರೈಲು ಸೇರಿದ್ದರೆ ಪಕ್ಕದ ಚಿಕ್ಕ ಊರುಗಳಲ್ಲೂ ಹುಡುಕಿ. ದಿನಾ ಮುಕ್ಕಾಲು ಗಂಟೆ ರೈಲಿನಲ್ಲಿ ಕೂತರೆ ಏನೂ ನಷ್ಟವಿಲ್ಲ.

ದುಡ್ಡು ಕೊಟ್ಟರೆ ಬರೀ ವಿಳಾಸದ ಕಾಗದ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದರ ಹತ್ತಿರವೂ ಹೋಗಬೇಡಿ. ಇಲ್ಲದ ವಾಸಕ್ಕೆ ವಿಳಾಸ ಕೊಡುವವರಿಗೆ 50,000 ಯೂರೊವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ, ಸುಳ್ಳು ವಿಳಾಸ ಬರೆಸಿದ ನಿಮಗೂ ತೊಂದರೆ ತಪ್ಪುವುದಿಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ನವೆಂಬರಿನಲ್ಲಿ ಹೇಳಿದಾಗ ಅಪ್ಪ ಬೈಯಲಿಲ್ಲ, ‘ಮೊದಲೇ ಹೇಳಿದ್ದರೆ ಇಷ್ಟು ದಿನ ಒಬ್ಬನೇ ಒದ್ದಾಡಬೇಕಿರಲಿಲ್ಲ’ ಎಂದರು. ವಾಪಸ್ ಹೋಗುವ ಮಾತನ್ನು ಒಂದು ಸೆಮಿಸ್ಟರ್ ಮುಗಿದ ಮೇಲೆ ಎತ್ತಿ. ಆಗಲೂ ಹೋಗಬೇಕು ಅನ್ನಿಸಿದರೆ ಖಂಡಿತ ಹೋಗಿ, ಯಾರೂ ತಡೆಯಬಾರದು. ಯಾವ ಊರಿನಲ್ಲಿದ್ದೀರಿ ಎಂದು ಕೆಳಗೆ ಬರೆಯಿರಿ. ಆಖೆನ್ ಅಥವಾ ಕೊಲೋನ್ ಸುತ್ತಮುತ್ತ ಆದರೆ ನನಗೆ ಗೊತ್ತಿರುವ ನಮ್ಮ ಕಡೆಯ ಹುಡುಗರನ್ನು ಇವತ್ತೇ ಕೇಳಿ ನೋಡುತ್ತೇನೆ.