ಅಮೆರಿಕದ ಒಂದು ಕಾಲೇಜಿನ ಲಕ್ರಾಸ್ (ತುದಿಯಲ್ಲಿ ಬಲೆ ಇರೋ ಕೋಲಿನಿಂದ ಚೆಂಡು ಹಿಡಿದು ಎಸೆಯೋ ಆಟ) ಕೋಚ್ ಹನ್ನೊಂದನೇ ಕ್ಲಾಸಿನ ನನ್ನ ಮಗಳಿಗೆ ಫೋನಿನಲ್ಲಿ ‘ಸೀಟು ನಿನ್ನದೇ’ ಅಂದಿದ್ದಾರೆ. ಸ್ಕಾಲರ್‌ಶಿಪ್ ಸಿಕ್ಕರೆ ಓದಿನ ಖರ್ಚು ಮುಗೀತು. ಅವಳು ಬೇರೆ ಕಾಲೇಜು ನೋಡೋದು ನಿಲ್ಲಿಸಬಹುದಾ?

ನಿಲ್ಲಿಸಬೇಡಿ ಸರ್. ನಾನು ನಿಲ್ಲಿಸಿದ್ದೆ.

ನಿಮ್ಮ ಮಗಳು ಹನ್ನೊಂದನೇ ಕ್ಲಾಸು. ನನಗೆ ಆ ಮಾತು ಬಂದಾಗ ಒಂಬತ್ತನೇ ಕ್ಲಾಸು. ಆಗ ಹಾಗೇ ನಡೀತಿತ್ತು. ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ಕೋಚ್‌ಗಳು ಮಾತಾಡಬಾರದು ಅಂತ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ) ನಿಯಮ ತಂದಿದ್ದು 2017ರಲ್ಲಿ. ಅದಕ್ಕೆ ಮೊದಲು ಒಂದು ನಾಟಕ ಇತ್ತು. ಕಾಲೇಜು ಕೋಚ್ ನಮಗೆ ಫೋನ್ ಮಾಡುವ ಹಾಗಿಲ್ಲ, ಆದರೆ ನಾವು ಮಾಡಬಹುದು. ಇಂಥ ದಿನ ಇಷ್ಟು ಹೊತ್ತಿಗೆ ಮಾಡು ಅಂತ, ಶಾಲೆಯ ಹೊರಗೆ ನಾನು ಆಡ್ತಿದ್ದ ಕ್ಲಬ್ ತಂಡದ ಕೋಚ್ ಹೇಳೋರು. ಅಡುಗೆಮನೆಯಲ್ಲಿ ನಿಂತು ಮಾಡಿದೆ. ಅಪ್ಪ ಟಿವಿ ಸೌಂಡ್ ಕಮ್ಮಿ ಮಾಡಿ, ಕೇಳಿಸ್ಕೊಳ್ತಿಲ್ಲ ಅನ್ನೋ ಹಾಗೆ ಕೂತಿದ್ದರು.

ನಾನು ಬೆಳೆದದ್ದು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ. ಅಲ್ಲಿ ಹೆಣ್ಣುಮಕ್ಕಳ ಲಕ್ರಾಸ್ ಅಂದರೆ ಜನಕ್ಕೆ ಹುಚ್ಚು. 2014, 15, 16 ಮೂರೂ ವರ್ಷ ಕಾಲೇಜು ಲಕ್ರಾಸಿನ ಅತ್ಯುತ್ತಮ ಆಟಗಾರ್ತಿಗೆ ಕೊಡೋ ಟೆವಾರಟನ್ ಪ್ರಶಸ್ತಿ ಗೆದ್ದ ಟೇಲರ್ ಕಮಿಂಗ್ಸ್ ನಮ್ಮೂರಿನವರೇ. ನನ್ನ ಕೋಲು ಮೊದಲ ಸಲ ನೋಡಿದಾಗ ಮೈಸೂರಿನ ಅಜ್ಜಿ “ಚಿಟ್ಟೆ ಹಿಡಿಯೋ ಬಲೆನಾ ಮಗು?” ಅಂದಿದ್ದರು. ನನ್ನ ಕೆಲಸ ಡ್ರಾ, ಅಂದರೆ ಆಟ ಶುರು ಮಾಡೋ ಚೆಂಡಿಗಾಗಿ ಇಬ್ಬರ ಪೈಪೋಟಿ. ಸೆಂಟರ್ ಸರ್ಕಲ್‌ನಲ್ಲಿ ಇಬ್ಬರ ಕೋಲಿನ ಬಲೆಗಳು ಬೆನ್ನಿಗೆ ಬೆನ್ನು ಒತ್ತಿಕೊಂಡಿರ್ತವೆ. ರೆಫರಿ ಅದರ ನಡುವೆ ಚೆಂಡು ಸಿಕ್ಕಿಸಿ ಹಿಂದೆ ಸರೀತಾರೆ. ಸೀಟಿ ಊದೋಕೆ ಮುಂಚಿನ ಆ ಒಂದೆರಡು ಸೆಕೆಂಡಿನಲ್ಲಿ ಎದುರಿನವಳ ಮಣಿಕಟ್ಟು ನಡುಗೋದು ನಿಮ್ಮ ಕೋಲಿಗೆ ಗೊತ್ತಾಗುತ್ತೆ. ಚೆಂಡು ಇಬ್ಬರ ತಲೆಗಿಂತ ಮೇಲೆ ಹೋಗಬೇಕು, ಇಲ್ಲದಿದ್ದರೆ ಫೌಲ್. ನಾನು ಅದರಲ್ಲಿ ಗಟ್ಟಿ, ಅಷ್ಟೇ.

ಈಗ ತಪ್ಪಿಗೆ ಬರ್ತೀನಿ. ಕೋಚ್ “ಜಾಗ ಇದೆ, ದುಡ್ಡೂ ಇದೆ” ಅಂದರು. ನಾನು ಹೂಂ ಅಂದೆ. ಹೂಂ ಅಂದಿದ್ದು ತಪ್ಪಲ್ಲ. ಎಷ್ಟು ದುಡ್ಡು, ಎಷ್ಟು ವರ್ಷ, ಈಮೇಲ್‌ನಲ್ಲಿ ಹಾಕ್ತೀರಾ ಅಂತ ಕೇಳಲಿಲ್ಲ, ಅದೂ ದೊಡ್ಡ ತಪ್ಪಲ್ಲ. ಹದಿನಾಲ್ಕು ವರ್ಷದವಳು ಏನು ಕೇಳ್ತಾಳೆ? ತಪ್ಪಾಗಿದ್ದು ಮಾರನೇ ದಿನ. ನನ್ನ ಬಗ್ಗೆ ವಿಚಾರಿಸಿದ್ದ ಇನ್ನೂ ನಾಲ್ಕು ಕಾಲೇಜುಗಳಿಗೆ ‘ನನ್ನದು ನಿಶ್ಚಯವಾಗಿದೆ’ ಅಂತ ಕ್ಲಬ್ ಕೋಚ್ ಕೈಲಿ ಹೇಳಿಸಿಬಿಟ್ಟೆ. ಯಾರೂ ಹೇಳು ಅಂದಿರಲಿಲ್ಲ. ನಮ್ಮನೇಲಿ ಕೊಟ್ಟ ಮಾತು ಅಂದರೆ ಮಾತು. ನಿಶ್ಚಿತಾರ್ಥ ಆದಮೇಲೆ ಬೇರೆ ಜಾತಕ ನೋಡ್ತಾರಾ ಅಂತ ಅಮ್ಮ ನಕ್ಕಿದ್ದರು. ಆದರೆ ನಿಶ್ಚಿತಾರ್ಥ ಆಗಿದ್ದು ನಮ್ಮ ಕಡೆ ಮಾತ್ರ. ಬಾಯಿಮಾತಿಗೆ ಆ ಕಾಲೇಜು ಕಟ್ಟುಬಿದ್ದಿರಲೇ ಇಲ್ಲ. ಸಹಿ ಬೀಳೋದು ಹನ್ನೆರಡನೇ ಕ್ಲಾಸಿನ ನವೆಂಬರ್‌ನಲ್ಲಿ. ಅಂದರೆ ಮೂರು ವರ್ಷ ನಾನೊಬ್ಬಳೇ ನಿಯತ್ತಾಗಿದ್ದೆ.

ಹನ್ನೊಂದನೇ ಕ್ಲಾಸಿನ ಬೇಸಿಗೆಯಲ್ಲಿ ಆ ಕೋಚ್ ಬೇರೆ ಕಡೆ ಕೆಲಸಕ್ಕೆ ಹೋದರು. ಹೊಸಬರು ಒಳ್ಳೆಯವರೇ. “ತಂಡದಲ್ಲಿ ಜಾಗ ಇದೆ, ದುಡ್ಡಿಲ್ಲ” ಅಂದರು. ಆ ನಾಲ್ಕು ಕಾಲೇಜಿನವರ ಪಟ್ಟಿ ಅಷ್ಟೊತ್ತಿಗೆ ತುಂಬಿತ್ತು. ಹಟಕ್ಕೆ ಅಲ್ಲಿಗೇ ಹೋದೆ. ಮೊದಲ ಸೀಸನ್ನಿನಲ್ಲಿ ಮೈದಾನದಲ್ಲಿದ್ದದ್ದು ಒಟ್ಟು ಹನ್ನೊಂದು ನಿಮಿಷ. ಬೆಳಿಗ್ಗೆ ಆರಕ್ಕೆ ಜಿಮ್, ವಾರಾಂತ್ಯಕ್ಕೆ ಬಸ್ಸು. ಬಸ್ಸಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿದವರು ಯಾರಾದರೂ ಇದ್ದರೆ ಕೈ ಮುಗೀತೀನಿ.

ಸ್ಕಾಲರ್‌ಶಿಪ್ ಸಿಕ್ಕರೆ ಓದಿನ ಖರ್ಚು ಮುಗೀತು ಅಂತ ಬರೆದಿದ್ದೀರಿ. ಆ ಲೆಕ್ಕವೇ ಸರಿಯಿಲ್ಲ. ನನ್ನ ಕಾಲದಲ್ಲಿ ಡಿವಿಷನ್ ಒನ್ (ಎನ್‌ಸಿಎಎಯ ಮೂರು ದರ್ಜೆಗಳಲ್ಲಿ ಮೇಲಿನದು) ತಂಡವೊಂದು ಹೆಚ್ಚೆಂದರೆ 12 ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಅದನ್ನೇ ಮೂವತ್ತು ಚಿಲ್ಲರೆ ಹುಡುಗಿಯರಿಗೆ ತುಂಡು ಮಾಡಿ ಹಂಚೋರು. 2025ರಿಂದ, ಆಟಗಾರರಿಗೆ ಕಾಲೇಜೇ ನೇರವಾಗಿ ದುಡ್ಡು ಕೊಡೋಕೆ ಬಿಡೋ ಹೊಸ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡಕ್ಕೆ 38 ಜನ ಅನ್ನೋ ಮಿತಿ ಬಂದಿದೆ. 38 ಜನಕ್ಕೂ ಕೊಡಬಹುದು ಅಂದಮಾತ್ರಕ್ಕೆ ಕೊಡ್ತಾರೆ ಅಂತಲ್ಲ. ಹಾರ್ವರ್ಡ್, ಯೇಲ್ ಥರದ ಹಳೇ ಕಾಲೇಜುಗಳ ಐವಿ ಲೀಗ್‌ನಲ್ಲಿ ಆಟಕ್ಕೆ ದುಡ್ಡೇ ಇಲ್ಲ. ಮೂರನೇ ದರ್ಜೆಯಾದ ಡಿವಿಷನ್ ತ್ರೀಯಲ್ಲೂ ಇಲ್ಲ.

ಆದರೂ ಎರಡು ವರ್ಷದ ನಂತರ ನಾನು ಹೋಗಿದ್ದು ಪೆನ್ಸಿಲ್ವೇನಿಯಾದ ಒಂದು ಡಿವಿಷನ್ ತ್ರೀ ಕಾಲೇಜಿಗೆ. ಅಲ್ಲಿ ನನ್ನ ಮಾರ್ಕ್ಸ್ ನೋಡಿ, ಮನೆಯ ಆದಾಯ ನೋಡಿ ಕೊಟ್ಟ ನೆರವು, ಮೊದಲ ಕೋಚ್ ಬಾಯಲ್ಲಿ ಕೊಟ್ಟಿದ್ದಕ್ಕಿಂತ ಜಾಸ್ತಿ ಇತ್ತು. ಪ್ರತಿ ಮ್ಯಾಚಿನ ಡ್ರಾ ನನ್ನದೇ. ಮಧ್ಯಾಹ್ನ ಲ್ಯಾಬ್ ಇದ್ದರೆ ಪ್ರಾಕ್ಟೀಸಿಗೆ ತಡವಾಗಿ ಬಾ ಅನ್ನೋರು. ಈಗ ನಾನು ಫಿಸಿಯೊಥೆರಪಿಸ್ಟ್. ಮೊಣಕಾಲು ಹಿಡ್ಕೊಂಡು ಬರೋ ಲಕ್ರಾಸ್ ಹುಡುಗಿಯರನ್ನೇ ಜಾಸ್ತಿ ನೋಡ್ತೀನಿ.

ಈ ವಾರವೇ ಮಗಳ ಕೈಲಿ ಆ ಕೋಚ್‌ಗೆ ಈಮೇಲ್ ಬರೆಸಿ. ನೀವು ಬರೀಬೇಡಿ, ಅವಳೇ ಬರೀಲಿ. ಎಷ್ಟು, ಎಷ್ಟು ವರ್ಷಕ್ಕೆ, ಗಾಯವಾದರೆ ಏನು. ಉತ್ತರ ಬರೋವರೆಗೆ ಮಿಕ್ಕ ಕಾಲೇಜುಗಳಿಗೂ ವಿಡಿಯೊ ಕಳಿಸ್ತಾ ಇರಿ. ಅದು ಮೋಸ ಅಲ್ಲ.

ಅಂದ ಹಾಗೆ, ಅವಳು ಯಾವ ಜಾಗದಲ್ಲಿ ಆಡ್ತಾಳೆ ಅಂತ ನೀವು ಬರೆದೇ ಇಲ್ಲ. ಡ್ರಾ ತಗೊಳ್ಳೋಳಾ?