ಅಮೆರಿಕದಿಂದ ತಂದ ಡಿವಿಡಿ ನಮ್ಮ ಮನೆಯ ಪ್ಲೇಯರ್‌ನಲ್ಲಿ ಯಾಕೆ ಓಡುವುದಿಲ್ಲ?

ಬಹುಶಃ ಡಿಸ್ಕೂ ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ. ಅಡ್ಡ ಬರುವುದು ರೀಜನ್ ಕೋಡ್. ಡಿವಿಡಿಗಾಗಿ ಜಗತ್ತನ್ನು ವಲಯಗಳಾಗಿ ಹಂಚಿ ನಂಬರ್ ಕೊಟ್ಟಿದ್ದಾರೆ. ಅಮೆರಿಕ, ಕೆನಡಾ 1, ಭಾರತ 5. ಈ ನಂಬರ್ ಡಿಸ್ಕ್‌ನಲ್ಲೂ ಇರುತ್ತದೆ, ಪ್ಲೇಯರ್‌ನೊಳಗೂ ಇರುತ್ತದೆ. ಡಿಸ್ಕ್ ಹಾಕಿದ ಕೂಡಲೇ ಪ್ಲೇಯರ್ ಎರಡನ್ನೂ ತಾಳೆ ನೋಡುತ್ತದೆ. ಹೊಂದದಿದ್ದರೆ ಸಿನಿಮಾ ಶುರುವಾಗುವುದೇ ಇಲ್ಲ.

ಇದು ಹಾಲಿವುಡ್ ಕಂಪನಿಗಳ ಲೆಕ್ಕಾಚಾರ. ಆಗೆಲ್ಲ ಒಂದು ಸಿನಿಮಾ ಬೇರೆ ಬೇರೆ ದೇಶಗಳಲ್ಲಿ ತಿಂಗಳುಗಳ ಅಂತರದಲ್ಲಿ ಬಿಡುಗಡೆಯಾಗುತ್ತಿತ್ತು. ಥಿಯೇಟರ್‌ಗೆ ಬರುವ ಮೊದಲೇ ಹೊರಗಿನ ಡಿಸ್ಕ್ ಸಿಕ್ಕಿಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ, ಅಲ್ವಾ? ದುಡ್ಡು ಕೊಟ್ಟು ಡಿಸ್ಕ್ ಕೊಂಡವರಿಗೆ ಮಾತ್ರ ಇದು ಸುಮ್ನೆ ಕಿರಿಕಿರಿ.

ಕವರ್‌ನ ಹಿಂದೆ ಪುಟ್ಟ ಗ್ಲೋಬ್ ಚಿತ್ರದೊಳಗೆ ಈ ನಂಬರ್ ಇರುತ್ತದೆ. ‘ಆಲ್’ ಅಂತ ಇದ್ದರೆ ಎಲ್ಲೆಡೆ ಓಡುತ್ತದೆ. ಹೊಸ ಪ್ಲೇಯರ್ ಕೊಳ್ಳುವುದಾದರೆ ಎಲ್ಲ ರೀಜನ್ ಓದುವಂಥದ್ದನ್ನೇ ಕೇಳಿ. ಅದು ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ತೋರಿಸಬೇಕು. ಮೊದಲನೆಯದು ನಮ್ಮ ಟಿವಿ ಪದ್ಧತಿ, ಎರಡನೆಯದು ಅಮೆರಿಕದ್ದು. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು. ಆದರೆ ಸಾಮಾನ್ಯವಾಗಿ 5 ಸಲ ಅಷ್ಟೇ, ಆಮೇಲೆ ಕೊನೆಯ ಆಯ್ಕೆಯೇ ಕಾಯಂ.